ಹಳೆ ಫೋನು, ಲ್ಯಾಪ್‌ಟಾಪ್ ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ: ರೀಸೆಟ್ ಮೊದಲು, ದುಡ್ಡು ಆಮೇಲೆ

#1 ಬೆಸುಗೆಭಟ್ಟ

ಆನ್‌ಲೈನ್ ಜಾಹೀರಾತು ನೋಡಿ ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳೋಕೆ ಹೋಗುವವರು ಮೊದಲು ಹುಡುಕೋದು ಗೀರು. ಗೀರಿನಿಂದ ಯಾರೂ ಮುಳುಗಿಲ್ಲ. ಬ್ಯಾಟರಿ ಸೊರಗಿದ್ದರೆ ಹೊಸದು ಹಾಕಿಸಬಹುದು, ಡಿಸ್‌ಪ್ಲೇ ಹೋಗಿದ್ದರೆ ಕಾಂಬೋ (ಪರದೆ, ಟಚ್ ಗಾಜು ಎರಡೂ ಸೇರಿದ ಭಾಗ) ಬದಲಾಯಿಸಬಹುದು. ಬೇರೆಯವರ ಖಾತೆಯ ಬೀಗ ಬಿದ್ದ ಫೋನನ್ನು ಮಾತ್ರ ನೆಟ್ಟಗೆ ಬಿಡಿಸಿಕೊಡುವ ಅಂಗಡಿ ಇಲ್ಲ. ಅದಕ್ಕೇ ನೋಡಬೇಕಾದ ಕ್ರಮ ಇದು: ಮೊದಲು ಬೀಗ, ಆಮೇಲೆ ಐಎಂಇಐ (ಪ್ರತಿ ಫೋನಿನ ಗುರುತಿನ ಸಂಖ್ಯೆ), ಆಮೇಲೆ ಬೋರ್ಡು (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ), ಎಲ್ಲಕ್ಕಿಂತ ಕೊನೆಗೆ ಗೀರು. ದುಡ್ಡು ಇವೆಲ್ಲ ಮುಗಿದ ಮೇಲೆ.

ಆಂಡ್ರಾಯ್ಡ್ ವಿಷಯ ಮೊದಲು ಹೇಳ್ತೀನಿ. 2015ರಲ್ಲಿ ಆಂಡ್ರಾಯ್ಡ್ 5.1 ಜೊತೆ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಬಂತು, ರಿಪೇರಿಯವರ ಬಾಯಲ್ಲಿ ಎಫ್‌ಆರ್‌ಪಿ. ಸೆಟ್ಟಿಂಗ್ಸ್ ಒಳಗಿಂದ, ಸ್ಕ್ರೀನ್ ಲಾಕ್ ಕೊಟ್ಟು ರೀಸೆಟ್ ಮಾಡಿದರೆ ಹಳೆ ಗೂಗಲ್ ಖಾತೆಯ ಹಿಡಿತ ಬಿಟ್ಟುಹೋಗುತ್ತದೆ. ಪವರ್ ಮತ್ತು ವಾಲ್ಯೂಮ್ ಬಟನ್ ಒತ್ತಿ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಬಿಡೋದಿಲ್ಲ. ಸೆಟಪ್ ನಡುವೆ ಹಳೆ ಮಾಲೀಕನ ಖಾತೆಯನ್ನೋ ಪಿನ್ನನ್ನೋ ಕೇಳುತ್ತದೆ. ಕದ್ದ ಫೋನಿನ ಪಿನ್ ಕಳ್ಳನಿಗೆ ಗೊತ್ತಿರೋದಿಲ್ಲ, ಅವನು ಹೋಗೋದು ಎರಡನೇ ದಾರಿಯಲ್ಲೇ.

ಆದ್ದರಿಂದ "ನಾನೇ ನಿನ್ನೆ ರೀಸೆಟ್ ಮಾಡಿ ಇಟ್ಟಿದ್ದೀನಿ, ಫ್ರೆಶ್ ಪೀಸ್" ಅನ್ನೋದು ಒಳ್ಳೆ ಸುದ್ದಿ ಅಲ್ಲ. ಮಾರುವವರು ನಿಮ್ಮ ಎದುರಿಗೇ ಖಾತೆ ತೆಗೆಯಬೇಕು, ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಒತ್ತಬೇಕು. ಫೋನ್ ಎದ್ದ ಮೇಲೆ ನಿಮ್ಮ ಹಾಟ್‌ಸ್ಪಾಟ್‌ಗೆ ಜೋಡಿಸಿ, ಹೋಮ್ ಸ್ಕ್ರೀನ್ ಬರುವ ತನಕ ನೀವೇ ಸೆಟಪ್ ಮುಗಿಸಿ. ನೆಟ್ ಇಲ್ಲದೆ "ಸ್ಕಿಪ್" ಒತ್ತುತ್ತಾ ಹೋದರೆ ಕೆಲವು ಬೀಗಗಳು ಆ ಹೊತ್ತಿಗೆ ಕಾಣೋದೇ ಇಲ್ಲ. ಇಷ್ಟಕ್ಕೆ 15ರಿಂದ 20 ನಿಮಿಷ ಬೇಕು. ಅಷ್ಟು ಹೊತ್ತು ನಿಲ್ಲೋಕೆ ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ.

#2 ಸಿಮ್‌ಸಿದ್ದ

ಭಟ್ರೇ, ಐಫೋನ್ ಮಾತು ನಾನು ಸೇರಿಸ್ತೀನಿ.

ಮಾರುವವರು ಸೆಟ್ಟಿಂಗ್ಸ್‌ನಲ್ಲಿ ತಮ್ಮ ಹೆಸರಿನ ಮೇಲೆ ಒತ್ತಿ ಸೈನ್ ಔಟ್ ಆಗಬೇಕು. ಆಗ ಆಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಜೊತೆಗೆ ಕಳೆದ ಫೋನ್ ಹುಡುಕುವ ಫೈಂಡ್ ಮೈ ಕೂಡ ಆಫ್ ಆಗುತ್ತದೆ. ಆಮೇಲೆ ಎರೇಸ್ ಮಾಡಿ, "ಹಲೋ" ಪರದೆಯಿಂದ ಮುಂದೆ ನಿಮ್ಮ ಖಾತೆ ಹಾಕಿ ಒಳಗೆ ಹೋಗಬೇಕು. "ಐಫೋನ್ ಲಾಕ್ಡ್ ಟು ಓನರ್" ಅಂತ ಬಂದರೆ ಅದು ಬಿಡಿಭಾಗದ ರೇಟಿಗೂ ಬೇಡ.

ಇಲ್ಲೊಂದು ತೊಡಕಿದೆ. ಐಒಎಸ್ 17.3ರಿಂದ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಅಂತ ಒಂದು ಸೌಲಭ್ಯ ಇದೆ. ಅದು ಆನ್ ಇದ್ದು, ಮಾಲೀಕರು ಮನೆ ಅಥವಾ ಆಫೀಸ್ ಬಿಟ್ಟು ಬೇರೆ ಕಡೆ ಇದ್ದರೆ, ಸೈನ್ ಔಟ್ ಆಗೋಕೆ ಫೇಸ್ ಐಡಿ ಕೊಟ್ಟ ಮೇಲೂ 1 ಗಂಟೆ ಕಾಯಿಸುತ್ತದೆ. ಕಾಫಿ ಅಂಗಡಿಯಲ್ಲಿ ಭೇಟಿಯಾದವರು ಆ ಒಂದು ಗಂಟೆ ಕಾಯೋಕೆ ಬೇಸರವಾಗಿ "ಮನೆಗೆ ಹೋಗಿ ತೆಗೀತೀನಿ, ಈಗ ದುಡ್ಡು ಹಾಕಿ" ಅಂತಾರೆ. ಅವರು ಒಳ್ಳೆಯವರೇ ಇರಬಹುದು, ಆದರೂ ಹಾಕಬೇಡಿ. ಮನೆಯಲ್ಲೇ ಅದನ್ನು ಆಫ್ ಮಾಡಿಕೊಂಡು ಬನ್ನಿ ಅಂತ ಹಿಂದಿನ ದಿನವೇ ಮೆಸೇಜ್ ಹಾಕಿಬಿಡಿ.

ಎರೇಸ್ ಮಾಡುವ ಮೊದಲು ಜನರಲ್, ಅಬೌಟ್ ಪುಟ ತೆರೆದು ನೋಡಿ. ಮಾಡೆಲ್ ನಂಬರ್ ಎಂ ಅಕ್ಷರದಿಂದ ಶುರುವಾದರೆ ಅಂಗಡಿಯಲ್ಲಿ ಹೊಸದಾಗಿ ಮಾರಿದ್ದು, ಎಫ್ ಆದರೆ ಕಂಪನಿಯೇ ರಿಫರ್ಬಿಷ್ ಮಾಡಿದ್ದು, ಎನ್ ಆದರೆ ಸರ್ವಿಸ್‌ನಲ್ಲಿ ಬದಲಿಗೆ ಕೊಟ್ಟದ್ದು. ಎಫ್, ಎನ್ ಬಂದರೆ ಕೆಟ್ಟದ್ದಂತಲ್ಲ, ಆದರೆ "ಸೀಲ್ ಒಡೆದದ್ದು ನಾನೇ" ಅನ್ನೋ ಮಾತು ಸುಳ್ಳಾಯ್ತು. ಅದೇ ಪುಟದಲ್ಲಿ ಪಾರ್ಟ್ಸ್ ಅಂಡ್ ಸರ್ವಿಸ್ ಹಿಸ್ಟರಿ ಕಂಡರೆ ಏನೋ ಬದಲಾಗಿದೆ ಅಂತ ಅರ್ಥ. ಐಫೋನ್ 12ರಿಂದ ಈಚೆಗೆ ಬ್ಯಾಟರಿ, ಡಿಸ್‌ಪ್ಲೇ, ಕ್ಯಾಮೆರಾ ಮೂರನ್ನೂ ತೋರಿಸುತ್ತದೆ. "ಅನ್‌ನೋನ್ ಪಾರ್ಟ್" ಅಂತಿದ್ದರೆ ಹೊರಗಿನ ಮಾಲು. ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಬಣ್ಣ ಹೊಂದಿಸುವ ಟ್ರೂ ಟೋನ್ ಬಟನ್ ಕಾಣೆಯಾಗಿದ್ದರೆ ಡಿಸ್‌ಪ್ಲೇ ಬದಲಾಗಿರುವ ಅನುಮಾನ ಪಡಬಹುದು.

#3 ಲೆಕ್ಕಪತ್ರ

ಐಎಂಇಐ ಮತ್ತು ಬಿಲ್ ಬಗ್ಗೆ.

*#06# ಒತ್ತಿದರೆ ಬರುವ 15 ಅಂಕಿಯನ್ನು ಸೆಟ್ಟಿಂಗ್ಸ್‌ನಲ್ಲಿರುವುದಕ್ಕೂ, ಬಾಕ್ಸ್ ಮೇಲಿನದಕ್ಕೂ, ಬಿಲ್ಲಿನಲ್ಲಿರುವುದಕ್ಕೂ ತಾಳೆ ನೋಡಿ. ಎರಡು ಸಿಮ್ ಫೋನಿಗೆ ಎರಡು ನಂಬರ್, ಎರಡನ್ನೂ ನೋಡಬೇಕು. ಆಮೇಲೆ ಕೆವೈಎಂ (KYM) ಅಂತ ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಗೆ ಎಸ್‌ಎಂಎಸ್ ಕಳಿಸಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲೂ ಇದೇ ಸಿಗುತ್ತದೆ. ಬ್ಲ್ಯಾಕ್ ಲಿಸ್ಟೆಡ್, ಡೂಪ್ಲಿಕೇಟ್, ಆಲ್‌ರೆಡಿ ಇನ್ ಯೂಸ್ ಈ ಮೂರರಲ್ಲಿ ಯಾವುದು ಬಂದರೂ ಕೊಳ್ಳಬೇಡಿ ಅಂತ ದೂರಸಂಪರ್ಕ ಇಲಾಖೆಯೇ ಹೇಳುತ್ತದೆ. ಉತ್ತರದಲ್ಲಿ ಕಂಪನಿ ಮತ್ತು ಮಾಡೆಲ್ ಹೆಸರೂ ಇರುತ್ತದೆ. ಕೈಯಲ್ಲಿರುವುದು ಒಂದು, ಉತ್ತರದಲ್ಲಿ ಬಂದದ್ದು ಇನ್ನೊಂದು ಆದರೆ ಐಎಂಇಐ ತಿದ್ದಿದ್ದಾರೆ ಅಂತಲೇ ತಿಳಿಯಿರಿ. ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡದ ಅಪರಾಧ.

ಬಿಲ್ ಇದೆ ಅಂದ ಮಾತ್ರಕ್ಕೆ ಖುಷಿಪಡಬೇಡಿ, ಪ್ರಿಂಟರ್ ಎಲ್ಲರ ಹತ್ತಿರವೂ ಇದೆ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಕರ್ನಾಟಕದ ಅಂಗಡಿಯಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಆ ನಂಬರ್ ಹಾಕಿ ಅಂಗಡಿ ಹೆಸರು ನೋಡಬಹುದು. ಇನ್ನೊಂದು ಸುಲಭದ ಗುರುತು: ಮೊಬೈಲ್ ಮೇಲಿನ ತೆರಿಗೆ 2020ರ ಏಪ್ರಿಲ್ 1ರಿಂದ 12 ಅಲ್ಲ, ಶೇಕಡಾ 18. ಅದರ ನಂತರದ ತಾರೀಕಿನ ಬಿಲ್ಲಿನಲ್ಲಿ ಕೇಂದ್ರಕ್ಕೆ 6, ರಾಜ್ಯಕ್ಕೆ 6 ಅಂತ ಮುರಿದು ಬರೆದಿದ್ದರೆ ಹಳೆ ಬಿಲ್ಲಿನ ಫೈಲ್ ತಿದ್ದಿ ಮಾಡಿದ ನಕಲು.

#4 ಧಾರವಾಡಪೇಡೆ

ಲೆಕ್ಕಪತ್ರ ಅವ್ರು ಹೇಳಿದ್ದು ಖರೇ ಐತ್ರಿ, ಆದ್ರ ಒಂದು ಮಾತು ಬಿಟ್ಟಾರ. ಕೆವೈಎಂ ಇವತ್ತು ಕ್ಲೀನ್ ತೋರ್ಸಿದ್ರ ನಾಳೆನೂ ಕ್ಲೀನ್ ಇರ್ತೈತಿ ಅಂತ ಗ್ಯಾರಂಟಿ ಇಲ್ರಿ. ಫೋನ್ ಕಳಕೊಂಡಾವ ಮೊದಲ ಪೊಲೀಸ್ ಕಂಪ್ಲೇಂಟ್ ಕೊಡಬೇಕು, ಆಮ್ಯಾಲೆ ಸಿಇಐಆರ್‌ನಾಗ (ಕಳದ ಫೋನ್ ಬಂದ್ ಮಾಡೂ ಸರ್ಕಾರದ ವ್ಯವಸ್ಥೆ) ಬ್ಲಾಕ್ ಮಾಡಸಬೇಕು. ಅದಕ್ಕ ನಾಕೈದು ದಿನ ಹಿಡೀಬಹುದು. ಅಷ್ಟರಾಗ ಫೋನ್ ಮಾರಾಟ ಆಗಿರ್ತೈತಿ. ಬ್ಲಾಕ್ ಆದ ಫೋನಿಗೆ ನೀವು ಸಿಮ್ ಹಾಕಿದ್ರ ಆ ನಂಬರ್ ಪೊಲೀಸರಿಗೆ ಗೊತ್ತಾಗತೈತಿ. ಫೋನ್ ಠಾಣೆಗೆ, ದುಡ್ಡು ಗೋವಿಂದ.

ಅದಕ್ಕ ಮಾರಾವನ ಗುರ್ತು ಬೇಕು. ಒಂದು ಹಾಳಿ ಮ್ಯಾಲೆ ಮಾಡೆಲ್, ಎರಡೂ ಐಎಂಇಐ, ರೇಟು, ತಾರೀಖು, ಇಬ್ಬರ ಸಹಿ. ಆಧಾರ್ ಕಾಪಿ ಕೊಡಾಕ ಹೆದರಿದ್ರ ಮಾಸ್ಕ್ಡ್ ಆಧಾರ್ ಸಾಕು, ಕಡೀ 4 ಅಂಕಿ ಅಷ್ಟ ಕಾಣಸ್ತೈತಿ. ಯುಪಿಐನಾಗ ಬರೋ ಹೆಸರು ಆಧಾರ್‌ನಾಗಿನ ಹೆಸರು ಒಂದ ಇರಬೇಕು. "ನಮ್ಮ ದೋಸ್ತನ ನಂಬರಿಗೆ ಹಾಕ್ರಿ" ಅಂದ್ರ ಎದ್ದು ಬರ್ರಿ.

ಇನ್ನೊಂದು, ಇಎಂಐ ಫೋನು. ಸಾಲ ಕೊಟ್ಟ ಫೈನಾನ್ಸ್‌ನವ್ರು ಫೋನಿನಾಗ ಲಾಕ್ ಆ್ಯಪ್ ಕುಂದರಸಿರ್ತಾರ. ಸ್ಯಾಮ್‌ಸಂಗ್‌ನಾಗ ನಾಕ್ಸ್ ಗಾರ್ಡ್ ಅಂತ ಐತಿ. ಕಂತು ನಿಂತ್ರ ಎಲ್ಲೇ ಇದ್ರೂ ಸ್ಕ್ರೀನ್ ಬಂದ್ ಮಾಡ್ತಾರ, ರೀಸೆಟ್ ಹೊಡದ್ರೂ ಹೋಗೂದಿಲ್ಲ. ಮಾರಾವ ಎರಡು ಕಂತು ಕಟ್ಟಿ, ಫೋನ್ ಮಾರಿ, ಮೂರನೇದು ಬಿಡ್ತಾನ. ನಿಮ್ಮ ಕೈಯಾಗ ಮೊದಲ ತಿಂಗಳು ಚಂದ ನಡೀತೈತಿ! ಸೆಕ್ಯುರಿಟಿ ಒಳಗ ಡಿವೈಸ್ ಅಡ್ಮಿನ್ ಆ್ಯಪ್ಸ್ ಪಟ್ಟಿ ನೋಡ್ರಿ. ರೀಸೆಟ್ ಆದ ಮ್ಯಾಲೆ ಸೆಟಪ್ ನಡುವ "ಈ ಡಿವೈಸ್ ಸಂಸ್ಥೆಯ ನಿರ್ವಹಣೆಯಲ್ಲಿದೆ" ಅನ್ನೂ ಥರ ಏನರೆ ಬಂತಂದ್ರ ಅಲ್ಲೇ ನಿಲ್ಲಸ್ರಿ. ಕಂತಿನ ಮ್ಯಾಲೆ ತಗೊಂಡ ಫೋನಾಗಿದ್ರ ಸಾಲ ಮುಗಿದ ಎನ್‌ಒಸಿ (ಬಾಕಿ ಇಲ್ಲ ಅನ್ನೂ ಪತ್ರ) ಕೇಳ್ರಿ.

#5 ಬೆಸುಗೆಭಟ್ಟ

#4 ಬರೆದಿದ್ದು ಈ ಚರ್ಚೆಯಲ್ಲೇ ಅತಿ ಮುಖ್ಯ. ಹೊಸ ಮಾದರಿಯ ಫೋನು, ಬಾಕ್ಸ್ ಸಮೇತ, 3 ತಿಂಗಳಷ್ಟೇ ಹಳೆಯದು, ಬೆಲೆ ಅರ್ಧ ಅಂತ ಕಂಡಾಗ ಕದ್ದದ್ದೋ ಕಂತಿನದ್ದೋ ಅಂತಲೇ ಮೊದಲು ಯೋಚಿಸಬೇಕು.

ಈಗ ಬೋರ್ಡು. ಕೆಳಗೆ ಬಿದ್ದ ಅಥವಾ ನೀರು ಕುಡಿದ ಫೋನಿನಲ್ಲಿ ಐಸಿ (ಚಿಪ್) ಕೆಳಗಿನ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಬಿಸಿ ಮಾಡಿ ಕೂರಿಸಿದರೆ, ಇಲ್ಲವೇ ರೀಬಾಲ್ ಮಾಡಿದರೆ (ಚಿಪ್ ಕಿತ್ತು ಹೊಸ ಬೆಸುಗೆ ಗುಂಡು ಕೂರಿಸಿದರೆ) ಫೋನ್ ಏಳುತ್ತದೆ, ಮಾರುವಷ್ಟು ದಿನ ಬಾಳುತ್ತದೆ. ತಣ್ಣಗಿರುವಾಗ ಸರಿಯಾಗೇ ಇರುವ ಈ ಸಂದು ಬಿಸಿಯಾಗಿ ಹಿಗ್ಗಿದಾಗ ಬಿಡುತ್ತದೆ. ಆದ್ದರಿಂದ ಪರೀಕ್ಷೆ ಬಿಸಿಯಲ್ಲೇ ಆಗಬೇಕು: ಬ್ರೈಟ್‌ನೆಸ್ ಪೂರ್ತಿ ಏರಿಸಿ, ಹಾಟ್‌ಸ್ಪಾಟ್ ಹಾಕಿ, 4ಕೆ ವಿಡಿಯೋ 10 ನಿಮಿಷ ರೆಕಾರ್ಡ್ ಮಾಡಿ. "ಬಿಸಿಯಾಗಿದೆ" ಅಂತ ಎಚ್ಚರಿಕೆ ಬಂದು ರೆಕಾರ್ಡಿಂಗ್ ನಿಂತರೆ ಪರವಾಗಿಲ್ಲ. ತಾನಾಗಿ ರೀಸ್ಟಾರ್ಟ್ ಆದರೆ, ನೆಟ್‌ವರ್ಕ್ ಹೋಗಿ ವಾಪಸ್ ಬಾರದಿದ್ದರೆ ಬೋರ್ಡ್ ಕೆಲಸ ಆಗಿರುವ ಅನುಮಾನ ಪಡಿ.

ಸಿಮ್ ಟ್ರೇ ಹೊರಗೆಳೆದು ಒಳಗೆ ಟಾರ್ಚ್ ಬಿಡಿ. ಬಹಳಷ್ಟು ಫೋನುಗಳಲ್ಲಿ ಅಲ್ಲೊಂದು ಬಿಳಿ ಚುಕ್ಕಿ ಇರುತ್ತದೆ, ನೀರು ತಾಗಿದ್ದರೆ ಕೆಂಪಾಗಿರುತ್ತದೆ. ಡಿಸ್‌ಪ್ಲೇಗೆ ಸ್ಯಾಮ್‌ಸಂಗ್‌ನಲ್ಲಿ *#0*# ಒತ್ತಿದರೆ ಬಣ್ಣಗಳ ಪರೀಕ್ಷೆ ಬರುತ್ತದೆ, ಶಿಯೋಮಿಯಲ್ಲಿ *#*#6484#*#*. ಬೇರೆ ಫೋನಾದರೆ ಪೂರ್ತಿ ಬೂದು, ಪೂರ್ತಿ ಕೆಂಪು ಚಿತ್ರ ತೆರೆದು ನೋಡಿ. ಅಮೋಲೆಡ್‌ನಲ್ಲಿ ಕೀಬೋರ್ಡ್, ನ್ಯಾವಿಗೇಶನ್ ಬಟನ್‌ಗಳ ಅಚ್ಚು ಉಳಿದಿದ್ದರೆ ಆಗ ಎದ್ದು ಕಾಣುತ್ತದೆ. ಹಿಂಬದಿಯ ಮುಚ್ಚಳ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಎದ್ದಿದ್ದರೂ ಬ್ಯಾಟರಿ ಉಬ್ಬಿರಬಹುದು. ಒತ್ತಿ ಕೂರಿಸಲು ಹೋಗಬೇಡಿ, ಒಳಗಿನ ಪದರ ಹರಿದರೆ ಬೆಂಕಿ.

ಕೊನೆಗೆ ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ. ಕಿವಿಗಿಟ್ಟಾಗ ಪರದೆ ಆರಬೇಕು, ಎರಡೂ ಮೈಕ್, ಸ್ಪೀಕರ್ ಕೇಳಬೇಕು.

#6 ರಾಜಾಜಿನಗರ_ರೂಟ್

ಬೂಟ್‌ಲೋಡರ್ (ಆನ್ ಮಾಡಿದಾಗ ಫೋನಿನ ಸಾಫ್ಟ್‌ವೇರ್ ಶುರು ಮಾಡೋ ಪ್ರೋಗ್ರಾಂ) ಬಗ್ಗೆ ಯಾರೂ ಹೇಳಲಿಲ್ಲ ಗುರು. ಆನ್ ಮಾಡುವಾಗ "ಬೂಟ್‌ಲೋಡರ್ ಅನ್‌ಲಾಕ್ ಆಗಿದೆ" ಅನ್ನೋ ಎಚ್ಚರಿಕೆ ಬಂದರೆ ಬ್ಯಾಂಕ್ ಆ್ಯಪ್, ಯುಪಿಐ ಆ್ಯಪ್ ಕೈಕೊಡಬಹುದು. ವೈಡ್‌ವೈನ್ (ವಿಡಿಯೋ ನಕಲು ತಡೆಯೋ ಬೀಗ) ಎಲ್1ರಿಂದ ಎಲ್3ಕ್ಕೆ ಇಳಿದಿದ್ದರೆ ಒಟಿಟಿಯಲ್ಲಿ ಎಚ್‌ಡಿ ಬರಲ್ಲ, 480ಪಿಗೆ ನಿಲ್ಲುತ್ತೆ. ಡಿಆರ್‌ಎಂ ಇನ್ಫೋ ಆ್ಯಪ್ ಹಾಕಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಸ್ಯಾಮ್‌ಸಂಗ್‌ನಲ್ಲಿ ಡೌನ್‌ಲೋಡ್ ಮೋಡ್‌ಗೆ ಹೋದ್ರೆ ನಾಕ್ಸ್ ವಾರಂಟಿ ಸಾಲು ಇರುತ್ತೆ. ಅಲ್ಲಿ 0x1 ಇದ್ರೆ ಹೊರಗಿನ ಸಾಫ್ಟ್‌ವೇರ್ ಹಾಕಿದ್ದಾರೆ, ಸೆಕ್ಯೂರ್ ಫೋಲ್ಡರ್ ಮತ್ತೆ ಆ ಬೋರ್ಡಲ್ಲಿ ಬರೋದಿಲ್ಲ. ಅದು ಒಳಗಿನ ಫ್ಯೂಸು, ಸುಟ್ಟರೆ ಸುಟ್ಟಹಾಗೆ.

#7 ಕೀಲಿಮಣೆ

ಲ್ಯಾಪ್‌ಟಾಪ್‌ಗೆ ಬರೋಣ. ಬೆಂಗಳೂರಲ್ಲಿ ಕಂಪನಿಗಳು ಲೀಸ್ ಮುಗಿದ ಮೇಲೆ ಬಿಡುವ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೀಟ್‌ಬುಕ್ ರಾಶಿ ರಾಶಿ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೂ ಆನ್‌ಲೈನ್ ಜಾಹೀರಾತಿಗೂ ಬರುತ್ತವೆ. ಕಟ್ಟುಮಸ್ತಾದ ಮಾಲು, ಸಂದೇಹವಿಲ್ಲ. ಆದರೆ ಜಾಹೀರಾತಲ್ಲಿ "ಐ5, 16 ಜಿಬಿ, ಎಸ್‌ಎಸ್‌ಡಿ" ಅಂತಷ್ಟೇ ಇರುತ್ತೆ. ಎಷ್ಟನೇ ಜನರೇಷನ್ ಅಂತ ಇರೋದಿಲ್ಲ. ಐ5-6300ಯು ಅಂದರೆ 6ನೇ ತಲೆಮಾರು, ಐ5-8350ಯು ಅಂದರೆ 8ನೇದು. ವ್ಯತ್ಯಾಸ ಎರಡು ಅಂಕಿಯದ್ದಲ್ಲ: ಮೊದಲನೆಯದರಲ್ಲಿ 2 ಕೋರ್, ಎರಡನೆಯದರಲ್ಲಿ 4. ಮೇಲಾಗಿ ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಇಂಟೆಲ್ 8ನೇ ತಲೆಮಾರು ಮತ್ತು ಟಿಪಿಎಂ 2.0 (ಭದ್ರತೆಯ ಚಿಪ್). ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 6, 7ನೇ ತಲೆಮಾರಿನವು ಅಗ್ಗಕ್ಕೆ ಬರುತ್ತಿರುವುದಕ್ಕೆ ಇದೂ ಒಂದು ಕಾರಣ. ಲಿನಕ್ಸ್ ಹಾಕಿಕೊಳ್ಳುವವರಿಗೆ ಹಬ್ಬ, ಉಳಿದವರಿಗೆ ಅಲ್ಲ.

ಇಲ್ಲೂ ಬೀಗ ಇದೆ. ಕಂಪನಿ ಆ ಯಂತ್ರವನ್ನು ವಿಂಡೋಸ್ ಆಟೋಪೈಲಟ್‌ಗೆ (ಕಂಪನಿ ತನ್ನ ಯಂತ್ರಗಳನ್ನು ನೆಟ್ ಮೂಲಕ ಹಿಡಿತದಲ್ಲಿಡುವ ವ್ಯವಸ್ಥೆ) ಸೇರಿಸಿ, ಬಿಡುವಾಗ ತೆಗೆಯಲು ಮರೆತಿದ್ದರೆ, ಇವತ್ತು ಚೆನ್ನಾಗೇ ಓಡುತ್ತದೆ. ಮುಂದೊಮ್ಮೆ ರೀಸೆಟ್ ಮಾಡಿ ನೆಟ್‌ಗೆ ಜೋಡಿಸಿದ ದಿನ ಆ ಕಂಪನಿಯ ಲಾಗಿನ್ ಪುಟ ಬಂದು ಕೂರುತ್ತದೆ. ಫೋನಿನ ಹಾಗೆಯೇ ಎದುರಿಗೇ ರೀಸೆಟ್, ನಿಮ್ಮ ಹಾಟ್‌ಸ್ಪಾಟ್, ಪೂರ್ತಿ ಸೆಟಪ್. ಮ್ಯಾಕ್‌ಬುಕ್‌ನಲ್ಲಿ ಬರುವುದು "ರಿಮೋಟ್ ಮ್ಯಾನೇಜ್‌ಮೆಂಟ್" ಪರದೆ, ರೋಗ ಅದೇ. ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ ಮೂಲ ಸೆಟ್ಟಿಂಗ್ಸ್) ಒಳಗೂ ಹೋಗಿ ನೋಡಿ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಗುಂಡಿ ಸೆಲ್ ತೆಗೆದರೆ ಹೋಗೋದಿಲ್ಲ, ಕಂಪನಿ ಹೇಳುವ ಪರಿಹಾರ ಮದರ್‌ಬೋರ್ಡ್ ಬದಲಾಯಿಸುವುದು.

ಬ್ಯಾಟರಿಗೆ ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಕೊಡಿ. ಡಿಸೈನ್ ಕೆಪ್ಯಾಸಿಟಿ 57,000, ಫುಲ್ ಚಾರ್ಜ್ 38,000 ಎಂಡಬ್ಲ್ಯೂಎಚ್ ಇದ್ದರೆ ಉಳಿದಿರುವುದು ಮೂರರಲ್ಲಿ ಎರಡು ಭಾಗ. ಎಸ್‌ಎಸ್‌ಡಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಆ್ಯಪ್‌ನಲ್ಲಿ ನೋಡಿ: ಹೆಲ್ತ್ ಶೇಕಡಾ, ಪವರ್ ಆನ್ ಅವರ್ಸ್. ತಿರುಗುವ ಹಾರ್ಡ್‌ಡಿಸ್ಕ್ ಆದರೆ 05 ಮತ್ತು ಸಿ5 ಸಾಲುಗಳ ರಾ ವ್ಯಾಲ್ಯೂ ಸೊನ್ನೆ ಇರಬೇಕು. ಸಿ5 ಏರಿದೆ ಅಂದರೆ ಓದಲಾಗದ ಸೆಕ್ಟರ್‌ಗಳು ಸಾಲಾಗಿ ನಿಂತಿವೆ ಅಂತ. ಹಿಂಜ್, ಕೀಬೋರ್ಡಿನ ಪ್ರತಿ ಕೀ, ಯುಎಸ್‌ಬಿ-ಸಿ ಚಾರ್ಜಿಂಗ್ ಅಲುಗಾಟ ಕೈಯಲ್ಲೇ ನೋಡಬೇಕು.

#8 ಸಿಮ್‌ಸಿದ್ದ

ಐಫೋನ್ ಬ್ಯಾಟರಿ ಶೇಕಡಾವಾರು ನಂಬಿ ಬೆಲೆ ಕಟ್ಟುವವರಿಗೆ ಒಂದು ಮಾತು. 100 ಅಂತ ತೋರಿಸೋ 3 ವರ್ಷದ ಫೋನ್ ಅಂದರೆ ಬ್ಯಾಟರಿ ಬದಲಾಗಿದೆ, ಇಲ್ಲವೇ ಅಂಕಿ ತಿದ್ದಿದ್ದಾರೆ. ಹೊರಗಿನ ಸೆಲ್‌ಗೆ ಹಳೆ ಬ್ಯಾಟರಿಯ ಚಿಕ್ಕ ಬೋರ್ಡನ್ನು ಬೆಸೆದು, ಪ್ರೋಗ್ರಾಮರ್‌ನಲ್ಲಿ ಸೈಕಲ್ ಸೊನ್ನೆ ಮಾಡೋದು ಮಾಮೂಲು. ಆಪಲ್ ಪ್ರಕಾರ ಐಫೋನ್ 14 ತನಕ 500 ಸೈಕಲ್‌ಗೆ, 15ರಿಂದ ಈಚೆಗೆ 1000 ಸೈಕಲ್‌ಗೆ 80 ಉಳಿಯಬೇಕು. ನನ್ನ ಮಟ್ಟಿಗೆ ನಿಜವಾದ 84, ಅನುಮಾನದ 100ಕ್ಕಿಂತ ಮೇಲು.

#9 ಕೀಲಿಮಣೆ

ಇದಕ್ಕೆ ಅರ್ಧ ಒಪ್ಪಿಗೆ. ಕಂಪನಿ ಸರ್ವಿಸ್ ಸೆಂಟರ್‌ನಲ್ಲೇ ಬ್ಯಾಟರಿ ಹಾಕಿಸಿದ್ದರೂ 100 ತೋರಿಸುತ್ತೆ, ಪಾರ್ಟ್ಸ್ ಹಿಸ್ಟರಿಯಲ್ಲಿ "ಜೆನ್ಯುಯಿನ್" ಅಂತ ಇರುತ್ತೆ. ಸರ್ವಿಸ್ ಬಿಲ್ ಕೇಳಿದರೆ ಮುಗೀತು.

#10 ಕಡಲತಡಿ

ಕ್ಯಾಮೆರಾ ಲೆನ್ಸ್ ಕೊಳ್ಳುವವರಿಗೆ ಚಿಕ್ಕ ಸೂಚನೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಮಾಲು ಅಂದರೆ ಮೊದಲು ಬೂಷ್ಟು ನೋಡಿ. ಮಳೆಗಾಲದ ತೇವದಲ್ಲಿ ಬ್ಯಾಗಿನೊಳಗೆ ಬಿಟ್ಟ ಲೆನ್ಸಿಗೆ ಅದು ಬಂದೇ ಬರುತ್ತದೆ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು, ಮುಂದಿನಿಂದ ನೋಡಬೇಕು. ಜೇಡರಬಲೆ ಥರ ಎಳೆ ಕಂಡರೆ ಬೂಷ್ಟು. ಧೂಳಿನ ನಾಲ್ಕು ಕಣಕ್ಕೆ ಹೆದರಬೇಡಿ, ಚಿತ್ರದಲ್ಲಿ ಕಾಣೋದಿಲ್ಲ. ಬೂಷ್ಟು ಗಾಜಿನ ಲೇಪನವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಉಳಿಯುತ್ತದೆ. ಶಟರ್ ಕೌಂಟ್ (ಕ್ಯಾಮೆರಾ ಈವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನೋ ಲೆಕ್ಕ) ನಿಕಾನ್‌ನಲ್ಲಿ ಫೋಟೋ ಫೈಲಿನ ಎಕ್ಸಿಫ್‌ನಲ್ಲೇ (ಫೈಲಿನೊಳಗಿನ ಮಾಹಿತಿ) ಸಿಗುತ್ತದೆ, ಎಡಿಟ್ ಮಾಡದ ಮೂಲ ಫೈಲ್ ಕೇಳಿ. ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಹಾಗೆ ಸಿಗೋದಿಲ್ಲ.

#11 ಫ್ರೇಮ್‌ರೇಟ್

ಗ್ರಾಫಿಕ್ಸ್ ಕಾರ್ಡ್: ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಆ್ಯಪ್ ತೆರೆದಾಗ ಹೆಸರಿನ ಮುಂದೆ "ಫೇಕ್" ಅಂತ ಬಂದರೆ ಹಳೆ ಚಿಪ್‌ಗೆ ಹೊಸ ಹೆಸರಿನ ಬಯಾಸ್ ಹಾಕಿದ್ದಾರೆ. ಜಿಟಿಎಸ್ 450 ಚಿಪ್ಪನ್ನು ಜಿಟಿಎಕ್ಸ್ 1050 ಟಿಐ ಅಂತ ಮಾರಿದ ಕಾರ್ಡ್‌ಗಳು ಈಗಲೂ ತಿರುಗುತ್ತಿವೆ. ವಿಜಿಎ ಪೋರ್ಟ್ ಇರುವ 1050 ಟಿಐ ಕಂಡರೆ ಅಲ್ಲೇ ಅನುಮಾನಪಡಿ. ಅಸಲಿ ಕಾರ್ಡಾದರೂ 15 ನಿಮಿಷ ಫರ್‌ಮಾರ್ಕ್ (ಕಾರ್ಡಿಗೆ ಪೂರ್ತಿ ಹೊರೆ ಹಾಕುವ ಪರೀಕ್ಷೆ) ಓಡಿಸಿ. ಬಣ್ಣದ ಚೌಕಗಳು ಮಿಂಚಿದರೆ ಮೆಮೊರಿ ಹೋಗಿದೆ. ಮೈನಿಂಗ್ ಕಾರ್ಡ್ ಅಂದ ತಕ್ಷಣ ಓಡಬೇಕಿಲ್ಲ; ಫ್ಯಾನ್ ಬೇರಿಂಗ್, ಒಣಗಿದ ಥರ್ಮಲ್ ಪ್ಯಾಡ್ ಬದಲಾಯಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಮಾತ್ರ ಹಳೆಯದು ಕೊಳ್ಳಲೇಬೇಡಿ. 2 ಟಿಬಿ ಅಂತ ತೋರಿಸಿ ಒಳಗೆ 32 ಜಿಬಿ ಇರುತ್ತೆ, ಅದು ತುಂಬಿದ ಮೇಲೆ ಬರೆದದ್ದೆಲ್ಲ ಮಾಯ. ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಪೂರ್ತಿ ಬರೆದು ಓದಿ ನೋಡುತ್ತೆ, ಆದರೆ ಗಂಟೆಗಟ್ಟಲೆ ಬೇಕು. ಮಾರುವವರ ಮನೆ ಜಗುಲಿ ಮೇಲೆ ಕೂತು ಆಗೋ ಕೆಲಸ ಅಲ್ಲ.

#12 ಲೆಕ್ಕಪತ್ರ

ದುಡ್ಡು ಕಳೆದುಹೋಗುವುದು ಬಹಳ ಸಲ ವಸ್ತುವನ್ನು ನೋಡುವ ಮೊದಲೇ. ಸೈನ್ಯದಲ್ಲಿದ್ದೀನಿ, ವರ್ಗಾವಣೆ ಆಗಿದೆ, ಅರ್ಜೆಂಟ್ ಮಾರಬೇಕು ಅಂತ ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಕಳಿಸುವುದು ಹಳೆ ಪಾಠ. ಆ ಚೀಟಿಯೂ ಬೇರೆ ಯಾರದ್ದೋ. ಆಮೇಲೆ ಕೊರಿಯರ್ ರಸೀದಿಯ ಚಿತ್ರ, "ಡೆಲಿವರಿ ಚಾರ್ಜ್ ಹಾಕಿ, ವಾಪಸ್ ಬರುತ್ತೆ", ಆಮೇಲೆ ಜಿಎಸ್‌ಟಿ, ಆಮೇಲೆ ಇನ್ಶೂರೆನ್ಸ್. ಮೊದಲ ಸಣ್ಣ ಮೊತ್ತ ಕಳಿಸಿದವರೇ ಅದನ್ನು ಉಳಿಸಿಕೊಳ್ಳೋಕೆ ಮುಂದಿನದನ್ನೂ ಕಳಿಸುತ್ತಾರೆ. ನೋಡದ ವಸ್ತುವಿಗೆ ಟೋಕನ್ 500 ರೂಪಾಯಿ ಕೂಡ ಬೇಡ.

ದುಡ್ಡು ಪಡೆಯಲು ಕ್ಯುಆರ್ ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಒತ್ತಬೇಕಿಲ್ಲ. "ರಿಫಂಡ್ ಕಳಿಸ್ತೀನಿ, ಇದನ್ನ ಸ್ಕ್ಯಾನ್ ಮಾಡಿ" ಅಂದರೆ ಹೋಗೋದು ನಿಮ್ಮ ದುಡ್ಡೇ. ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಅಂದರೂ ಅಷ್ಟೇ.

ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಯುಟಿಆರ್ (ಗುರುತಿನ) ನಂಬರ್ ಕೈಯಲ್ಲಿರಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ; ಅದಕ್ಕೆ ಮೊದಲು ತಡೆ ಬಿದ್ದರೆ ಮಾತ್ರ ವಾಪಸ್ ಬರುವ ಆಸೆ. ಸಂಜೆ ಮನೆಗೆ ಹೋಗಿ ಮಾಡ್ತೀನಿ ಅಂದರೆ ಆಗೋದಿಲ್ಲ.

#13 ಹಾಸನದ_ಹೊಸಬ

ಎಲ್ಲರಿಗೂ ನಮಸ್ಕಾರ. ಊರು ದೂರ, ಎದುರಿಗೆ ನಿಂತು ನೋಡೋಕೆ ಆಗಲ್ಲ ಅನ್ನುವವರು ಏನು ಮಾಡಬೇಕು? ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದಾ?

#14 ಲೆಕ್ಕಪತ್ರ

ಎದುರಿಗೆ ನೋಡೋಕಾಗದಿದ್ದರೆ ವ್ಯಕ್ತಿಯಿಂದ ಬೇಡ, ರಿಫರ್ಬಿಷ್ ಮಾಡಿ ಮಾರುವ ವ್ಯಾಪಾರಿಯಿಂದ ಕೊಳ್ಳಿ. ಕಾರಣ ಕಾನೂನಿನದ್ದೇ. 2019ರ ಗ್ರಾಹಕ ರಕ್ಷಣಾ ಕಾಯ್ದೆ ವ್ಯಾಪಾರ ಮಾಡುವವರ ಮೇಲೆ ದೂರು ಕೊಡೋಕೆ ಇರುವುದು. ಸಹಾಯವಾಣಿ 1915, ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ತನ್ನ ಸ್ವಂತ ಹಳೆ ಫೋನ್ ಮಾರಿದ ವ್ಯಕ್ತಿ ವ್ಯಾಪಾರಿ ಅಲ್ಲ. ಅವನ ವಿಷಯ ಸಿವಿಲ್ ಕೋರ್ಟು, ಮೋಸವಾಗಿದ್ದರೆ ಪೊಲೀಸ್.

ವ್ಯಾಪಾರಿಯಾದರೂ ವಾರಂಟಿ ಯಾರದ್ದು ಅಂತ ಓದಿ. "6 ತಿಂಗಳ ವಾರಂಟಿ" ಅಂದರೆ ಸಾಮಾನ್ಯವಾಗಿ ಮಾರಿದವರದ್ದು, ತಯಾರಿಸಿದ ಕಂಪನಿಯದ್ದಲ್ಲ. ಡಿಸ್‌ಪ್ಲೇ, ಬ್ಯಾಟರಿ ಅದರಲ್ಲಿ ಸೇರಿದೆಯಾ, ವಾಪಸ್ ಕೊಡಲು ಎಷ್ಟು ದಿನ, ಕೊರಿಯರ್ ಖರ್ಚು ಯಾರದ್ದು, ಈ ಮೂರು ನೋಡಿ.

#15 ಧಾರವಾಡಪೇಡೆ

ಹೊಸಬ್ರ, ಓಪನ್ ಬಾಕ್ಸ್ ಡೆಲಿವರಿ ಇದ್ರ ಅದನ್ನ ಆರಿಸ್ರಿ. ಬಾಕ್ಸ್ ಬಿಚ್ಚಿ ನೋಡೂ ತನಕಾ ಒಟಿಪಿ ಹೇಳಬ್ಯಾಡ್ರಿ, ಒಟಿಪಿ ಹೇಳಿದ್ರ ನೀವು ಮಾಲು ಒಪ್ಪಿಕೊಂಡಂಗ. ಆ ಸೌಲಭ್ಯ ಇಲ್ಲಂದ್ರ ಪಾರ್ಸೆಲ್ ಒಡಿಯೂದನ್ನ ಒಂದ ವಿಡಿಯೋದಾಗ, ನಡುವ ಎಲ್ಲೂ ಕಟ್ ಆಗದಂಗ ತಗೀರಿ: ಮೊದಲ ಆರೂ ಕಡಿ ಟೇಪು, ಆಮ್ಯಾಲೆ ಲೇಬಲ್ ಮತ್ತ ತೂಕ, ಆಮ್ಯಾಲೆ ಕತ್ತರಿ, ಕಡೀಕ *#06# ಹೊಡದು ನಂಬರ್ ಕ್ಯಾಮೆರಾಕ್ಕ ಹಿಡೀರಿ.

#16 ಹಾಸನದ_ಹೊಸಬ

ಚಾರ್ಜ್ ಖಾಲಿಯಾಗಿ ಆನ್ ಆಗದಿದ್ದರೆ?

#17 ಬೆಸುಗೆಭಟ್ಟ

ವಿಡಿಯೋ ನಿಲ್ಲಿಸದೆ ಚಾರ್ಜಿಗೆ ಹಾಕಿ. ಪೂರ್ತಿ ಇಳಿದ ಬ್ಯಾಟರಿಯಾದರೂ ಒಳ್ಳೆ ಚಾರ್ಜರಲ್ಲಿ 10–15 ನಿಮಿಷದೊಳಗೆ ಬ್ಯಾಟರಿ ಚಿತ್ರ ತೋರಿಸಬೇಕು. ಆಗಲೂ ಕಪ್ಪಗೇ ಇದ್ದರೆ ಅದನ್ನೇ ಚಿತ್ರೀಕರಿಸಿ, ಅದೇ ದಿನ ರಿಟರ್ನ್ ಹಾಕಿ. ಹತ್ತಿರದ ಅಂಗಡಿಯಲ್ಲಿ ಬಿಚ್ಚಿಸಿ ನೋಡಲು ಹೋಗಬೇಡಿ, ಸ್ಕ್ರೂ ಮೇಲಿನ ಸ್ಟಿಕರ್ ಹರಿದರೆ ರಿಟರ್ನ್ ತಿರಸ್ಕರಿಸಲು ಅವರಿಗೆ ಅದೊಂದೇ ನೆಪ ಸಾಕು.